ಮಿತಭಾಷಿಯ ವೀಣೆ

ಡಿಸೆಂಬರ್ ಬಂತೆಂದರೆ ಚೆನ್ನೈನ ಸಭಾ ಕ್ಯಾಂಟೀನುಗಳಲ್ಲಿ ಕಾಫಿಯ ಜೊತೆಗೆ ವಿಮರ್ಶೆಯೂ ಬಿಸಿಬಿಸಿಯಾಗಿ ಸಿಗುತ್ತದೆ. ಹಿಂದೆ ಅದು ಯಾರ ತೋಡಿ ಹೇಗಿತ್ತೆಂಬ ವಿಮರ್ಶೆ. ಈಗ ಯಾರ ವಿಡಿಯೊವನ್ನು ಎಷ್ಟು ಸಾವಿರ ಮಂದಿ ನೋಡಿದರೆಂಬ ಲೆಕ್ಕ. ಕೊರೋನಾದ 2020ರಲ್ಲಿ ಉತ್ಸವವೇ ಅಂತರ್ಜಾಲಕ್ಕೆ ಏರಿತು. ಅದು ಆಪದ್ಧರ್ಮ. ಆಪತ್ತು ಕಳೆದ ಮೇಲೂ ಧರ್ಮ ಮಾತ್ರ ಉಳಿದುಕೊಂಡಿದೆ: ಕಲಾವಿದರು ದಿನವೂ ಮುಖ ತೋರಿಸಬೇಕು, ಮಾತಾಡಬೇಕು, ಮನೆಯ ಅಭ್ಯಾಸವನ್ನೂ ಚಿತ್ರಿಸಿ ಹಂಚಬೇಕು. ಸ್ವಭಾವದಿಂದಲೇ ಸಂಕೋಚದವರು ಏನು ಮಾಡಬೇಕು?

ಸಂಕೋಚವೆಂದರೆ ಅಸಾಮರ್ಥ್ಯವಲ್ಲ. ತಂತಿಯನ್ನು ಜೋರಾಗಿ ಮೀಟಿದರೆ ಸದ್ದು ಹೆಚ್ಚೀತು, ಸ್ವರ ಶುದ್ಧವಾಗದು ಎಂಬುದನ್ನು ಬಿ.ಎಸ್‌ಸಿ. ತರಗತಿಯಲ್ಲೇ ಓದಿದ್ದೇವೆ. ವೀಣೆ ಧನಮ್ಮಾಳ್ (1867-1938) ಇದೇ ಊರಿನ ಜಾರ್ಜ್‌ಟೌನಿನ ಮನೆಯಲ್ಲಿ ಶುಕ್ರವಾರ ಸಂಜೆ ನುಡಿಸುತ್ತಿದ್ದರು. ನಾದ ಅತಿ ಮೆಲು. ವಿದ್ವಾಂಸರೇ ಅಲ್ಲಿಗೆ ಹೋಗಿ ಉಸಿರು ಬಿಗಿಹಿಡಿದು ಕೇಳುತ್ತಿದ್ದರಂತೆ. ನಮ್ಮ ಮೈಸೂರಿನ ದೊರೆಸ್ವಾಮಿ ಅಯ್ಯಂಗಾರರೂ (1920-1997) ಅಬ್ಬರವಿಲ್ಲದ ನುಡಿಸಾಣಿಕೆಯಿಂದಲೇ 1984ರಲ್ಲಿ ಇಲ್ಲಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿಗಳಾದರು.

ಯಂತ್ರವನ್ನು ದೂರುವುದು ನಮ್ಮ ಉದ್ದೇಶವಲ್ಲ. ಧನಮ್ಮಾಳರನ್ನು ನಾವು ಕೇಳಿರುವುದೇ ಹಳೆಯ ಗ್ರಾಮಫೋನ್ ತಟ್ಟೆಗಳ ದಯೆಯಿಂದ. ಅಯ್ಯಂಗಾರರು ಬೆಂಗಳೂರು ಆಕಾಶವಾಣಿಯಲ್ಲೇ ದುಡಿದವರು. ಆದರೆ ತಟ್ಟೆಯೂ ರೇಡಿಯೊವೂ ಕಲಾವಿದರಿಂದ ನಾದವನ್ನಷ್ಟೇ ಬೇಡಿದವು. ಇಂದಿನ ಪರದೆ ಅವರ ಏಕಾಂತವನ್ನೂ ಬೇಡುತ್ತದೆ. ಏಕಾಂತವಿಲ್ಲದೆ ನಾದ ಹುಟ್ಟುವುದೆಲ್ಲಿಂದ?

ಇಷ್ಟೆಲ್ಲ ಬರೆಯುವ ನಾವೂ ನಿರ್ದೋಷಿಗಳಲ್ಲ. ಕಾರ್ಯಕ್ರಮವೊಂದಕ್ಕೆ ಕಲಾವಿದರನ್ನು ಆರಿಸಲು ಕುಳಿತಿದ್ದಾಗ ಒಬ್ಬ ವೈಣಿಕೆಯ ಹೆಸರು ಬಂತು. "ಇವರಿಗೆ ಫಾಲೋಯರ್ಸ್ ಎಷ್ಟು?" ಎಂದು ಯಾರೋ ಕೇಳಿದರು. ಮೊಬೈಲ್ ತೆಗೆದು ಹುಡುಕಿದವರು ನಾವೇ. ಅವರ ಹೆಸರಿನಲ್ಲಿ ಖಾತೆಯೇ ಇರಲಿಲ್ಲ. ಆಫೀಸಿನಲ್ಲಿ ಫೈಲು ಮುಚ್ಚಿ ಅಭ್ಯಾಸವಾದ ಕೈ, ಆ ಹೆಸರನ್ನೂ ಹಾಗೆಯೇ ಮುಚ್ಚಿತು. ಮುಂದಿನ ನವರಾತ್ರಿಯಲ್ಲಿ ಪರಿಚಯದವರೊಬ್ಬರ ಮನೆಯ ಗೊಂಬೆಗಳೆದುರು ಆಕೆ ಸಹಾನಾ ನುಡಿಸಿದರು. ಇಪ್ಪತ್ತು ಮಂದಿಯ ನಡುವೆ ನಮಗೆ ತಲೆಯೆತ್ತಲಾಗಲಿಲ್ಲ.

ಸಭೆಗಳಿಗೂ ಸಂಘಗಳಿಗೂ ನಮ್ಮ ವಿನಂತಿಯಿಷ್ಟೆ: ಆರಿಸುವ ಮುನ್ನ ಅರ್ಧ ಗಂಟೆ ಕುಳಿತು ಕೇಳಿ. ಜನರನ್ನು ಕರೆತರುವ ಕೆಲಸ ನಮ್ಮದು, ನುಡಿಸುವುದಷ್ಟೇ ಅವರದು. ವಾಚಕರು ಏನೆನ್ನುತ್ತಾರೆ?