ಪಟ್ಟಿಯಲ್ಲಿ ರಿಂಗ್ ಲೈಟು ಇದೆ, ಅಮ್ಮ ಇಲ್ಲ

ಜುಲೈ ಬಂತು ಅಂದರೆ ಮಲೆನಾಡಲ್ಲಿ ಎರಡು ಸುರಿಯೋಕೆ ಶುರು. ಒಂದು ಮಳೆ. ಇನ್ನೊಂದು ‘ಯೂಟ್ಯೂಬರ್‌ಗಳು ತೆರಿಗೆ ಉಳಿಸೋದು ಹೇಗೆ’ ಅನ್ನೋ ಉಪದೇಶ. ಮಳೆ ಬಗ್ಗೆ ನನ್ನ ತಕರಾರಿಲ್ಲ. ಉಪದೇಶದ ಬಗ್ಗೆ ಇದೆ.

ಎಲ್ಲ ಕಡೆ ಒಂದೇ ಪಟ್ಟಿ: ಕ್ಯಾಮೆರಾ, ಮೈಕು, ರಿಂಗ್ ಲೈಟು, ಲ್ಯಾಪ್‌ಟಾಪ್, ಇಂಟರ್ನೆಟ್ ಬಿಲ್ಲು, ಎಡಿಟಿಂಗ್ ಸಾಫ್ಟ್‌ವೇರು, ಆಫೀಸ್ ಬಾಡಿಗೆ. ಇವೆಲ್ಲ ಖರ್ಚು, ಆದಾಯದಲ್ಲಿ ಕಳೆಯಿರಿ ಅನ್ನುತ್ತಾರೆ. ಪಟ್ಟಿ ಸುಳ್ಳಲ್ಲ. ಆದರೆ ಅದನ್ನ ಬರೆದವರ ಕಣ್ಣ ಮುಂದೆ ಇರೋದು ಬೆಂಗಳೂರಿನ ಬಾಡಿಗೆ ಕೋಣೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಸ್ಟುಡಿಯೋ ಅಂದರೆ ಅಡುಗೆಮನೆ, ಅಂಗಳ, ತೋಟ. ಇಲ್ಲಿ ಕಂಟೆಂಟು ಬೇರೆ, ಸಂಸಾರ ಬೇರೆ ಅಲ್ಲ.

ಕಾಯ್ದೆ ಕೇಳೋದು ಮಾತ್ರ ಅದನ್ನೇ, ಎರಡನ್ನೂ ಬೇರೆ ಮಾಡಿ ಅಂತ. 1961ರ ಆದಾಯ ತೆರಿಗೆ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಖರ್ಚು ಪೂರ್ತಿಯಾಗಿ, ವೃತ್ತಿಗಾಗಿ ಮಾತ್ರ ಆಗಿರಬೇಕು, ಸ್ವಂತದ್ದಾಗಿರಬಾರದು. (2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದು ಸಂಖ್ಯೆಗಳೆಲ್ಲ ಬದಲಾಗಿವೆ, ತತ್ತ್ವ ಅದೇ. ನಾನಿಲ್ಲಿ ರೂಢಿಯಾದ ಹಳೇ ಸಂಖ್ಯೆಗಳನ್ನೇ ಹೇಳ್ತಿದ್ದೇನೆ.)

ಈಗ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ವಿಡಿಯೋ ಇಟ್ಕೊಳ್ಳಿ. ಮಿಡಿ, ಉಪ್ಪು, ಸಾಸಿವೆ, ಮೆಣಸು ಎಲ್ಲ ತಂದಿದ್ದು ವಿಡಿಯೋಗೇ. ಆದರೆ ಕ್ಯಾಮೆರಾ ಆಫ್ ಆದ ಮೇಲೆ ಜಾಡಿ ಹೋಗಿ ಕೂರೋದು ನಾಗಂದಿಗೆ ಮೇಲೆ. ವರ್ಷವಿಡೀ ಮನೆಮಂದಿ ಉಣ್ತಾರೆ. ಪೂರ್ತಿ ವೃತ್ತಿಗಾಗಿ ಮಾಡಿದ ಖರ್ಚು ಅಂತ ಯಾವ ಮುಖ ಇಟ್ಕೊಂಡು ಬರೆಯೋದು? ‘ವಿಡಿಯೋದಲ್ಲಿ ಕಂಡಿದ್ದೆಲ್ಲ ಖರ್ಚು’ ಅನ್ನೋ ಉಪದೇಶ ಮುಗ್ಗರಿಸೋದು ಇಲ್ಲೇ.

ತೋಟಕ್ಕೆ ಬಂದರೆ ಇನ್ನೂ ಸೂಕ್ಷ್ಮ. ಅಡಿಕೆ ಬೆಳೆದು ಬಂದ ದುಡ್ಡು ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಕೊನೆಗೌಡ ಮರ ಹತ್ತೋದನ್ನ ಚಿತ್ರಿಸಿ ಬಂದ ಜಾಹೀರಾತಿನ ದುಡ್ಡು ಕೃಷಿ ಆದಾಯ ಅಲ್ಲ. ಮರ ಒಂದೇ, ದಿನ ಒಂದೇ, ಲೆಕ್ಕ ಎರಡು. ಹಾಗಂತ ಕೊನೆಗೌಡನ ಕೂಲಿಯನ್ನ ಚಾನೆಲ್ ಖರ್ಚಿಗೆ ಸೇರಿಸೋಕೂ ಬರೋದಿಲ್ಲ. ತೆರಿಗೆ ಇಲ್ಲದ ಆದಾಯಕ್ಕಾಗಿ ಮಾಡಿದ ಖರ್ಚನ್ನ ತೆರಿಗೆ ಇರುವ ಆದಾಯದಲ್ಲಿ ಕಳೆಯಬಾರದು ಅಂತ 14ಎ ಸೆಕ್ಷನ್ ಹೇಳುತ್ತೆ.

ಇನ್ನು ಕ್ಯಾಮೆರಾ. ದೀಪಾವಳಿಗೆ 60,000 ಕೊಟ್ಟು ತಂದವರು ಆ ವರ್ಷವೇ 60,000 ಕಳೀಬಹುದು ಅಂದ್ಕೋತಾರೆ. ಅದು ಆಸ್ತಿ, ಸಿಗೋದು ಸವಕಳಿ ಮಾತ್ರ. ಕ್ಯಾಮೆರಾಕ್ಕೆ ವರ್ಷಕ್ಕೆ ಶೇ. 15, ಕಂಪ್ಯೂಟರಿಗೆ ಶೇ. 40. ಕೊಂಡ ವರ್ಷ ಬಳಸಿದ್ದು 180 ದಿನಕ್ಕಿಂತ ಕಮ್ಮಿಯಾದರೆ ಅದರಲ್ಲೂ ಅರ್ಧ. ಅಂದರೆ ಮೊದಲ ವರ್ಷ 4,500 ರೂಪಾಯಿ, ಅಷ್ಟೇ. ಮನೆಗೂ ಕೆಲಸಕ್ಕೂ ಬಳಸುವ ಫೋನು, ಕೋಣೆಗಳಿಗೆ 38ನೇ ಸೆಕ್ಷನ್ ಇದೆ: ನ್ಯಾಯವಾದ ಒಂದು ಪಾಲು ಕಳೀಬಹುದು, ಪೂರ್ತಿ ಅಲ್ಲ.

ತಮಾಷೆ ಏನಂದರೆ, ನಿಜವಾಗಿ ಕಳೆಯಬಹುದಾದ ನಮ್ಮ ಕಡೆಯ ಖರ್ಚುಗಳು ಈ ಪಟ್ಟಿಗಳಲ್ಲಿ ಇರೋದೇ ಇಲ್ಲ. ಆಗುಂಬೆ ಸೀಮೆಯ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತೆ. ಅದನ್ನ ಸರಿ ಮಾಡಿಸೋದು ರಿಪೇರಿ ಖರ್ಚು. ಮನೇಲಿ ನೆಟ್‌ವರ್ಕ್ ಸಿಗದೆ ವಿಡಿಯೋ ಅಪ್‌ಲೋಡ್ ಮಾಡೋಕೆ ಅಂತಲೇ ಪೇಟೆಗೆ ಹೋದರೆ ಆ ಪೆಟ್ರೋಲು ವೃತ್ತಿಯ ಖರ್ಚು. ಬಿಲ್ಲು ಇಟ್ಕೊಳ್ಳಿ, ಯಾವ ದಿನ, ಯಾವ ವಿಡಿಯೋ ಅಂತ ಬರೆದಿಡಿ. ಹೋದದ್ದು ಸಂತೆಗಾದರೆ ಬರೀಬೇಡಿ.

‘ಇಷ್ಟೆಲ್ಲ ತಲೆನೋವು ಯಾಕೆ ಮಾರಾಯ್ರೆ?’ ಅಂತೀರಾ? ಅದಕ್ಕೂ ದಾರಿ ಇದೆ. 2025-26ರ ಅಸೆಸ್‌ಮೆಂಟ್ ವರ್ಷದ ರಿಟರ್ನ್ ನಮೂನೆಗಳಲ್ಲಿ ಸೋಶಿಯಲ್ ಮೀಡಿಯಾ ಇನ್‌ಫ್ಲುಯೆನ್ಸರ್‌ಗಳಿಗೆ 16021 ಅಂತ ಪ್ರತ್ಯೇಕ ಕೋಡ್ ಬಂತು. 44ಎಡಿಎ ಅಡಿಯ ಅಂದಾಜು ಪದ್ಧತಿಯಲ್ಲಿ ಬಂದ ದುಡ್ಡಿನ ಅರ್ಧವನ್ನ ಆದಾಯ ಅಂತ ತೋರಿಸಿದರೆ ಸಾಕು. ಉಳಿದರ್ಧ ಖರ್ಚು ಅಂತ ಕಾಯ್ದೆಯೇ ಒಪ್ಪುತ್ತೆ, ಉಪ್ಪಿನಕಾಯಿ ಯಾರು ಉಂಡರು ಅಂತ ಕೇಳೋದಿಲ್ಲ. ಸಾಲದ್ದಕ್ಕೆ 2025-26ರ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇದೆ. ನಮ್ಮ ಕಡೆಯ ಸಣ್ಣ ಚಾನೆಲ್‌ಗಳಿಗೆ ಕಟ್ಟಬೇಕಾದ ತೆರಿಗೆಯೇ ಇರಲಾರದು. ಹಾಗಾದರೆ ವಿಷಯ ಮುಗೀತಲ್ಲ?

ಮುಗೀಲಿಲ್ಲ. ಪಟ್ಟಿಯನ್ನ ಇನ್ನೊಂದು ಸಲ ಓದಿ. ಅದರಲ್ಲಿ ಎಲ್ಲ ಯಂತ್ರಗಳೂ ಇವೆ. ಕಾಣದೇ ಇರೋದು, ವಿಡಿಯೋದಲ್ಲಿ ಮೊದಲಿಂದ ಕೊನೆತನಕ ಕಾಣುವ ಕೈ. ಚಾನೆಲ್ ಮಗನ ಹೆಸರಲ್ಲಿ, ಬ್ಯಾಂಕ್ ಖಾತೆ ಮಗನದು, ಪ್ಯಾನ್ ಮಗನದು. ತಂಬುಳಿ ಅರೆದವಳು, ಪತ್ರೊಡೆ ಸುತ್ತಿದವಳು, ‘ಇದನ್ನ ನಮ್ಮಮ್ಮ ಹೀಗೆ ಮಾಡ್ತಿದ್ದರು’ ಅಂತ ಕಥೆ ಹೇಳಿದವಳು ಅಮ್ಮ. ಎಡಿಟ್ ಮಾಡಿದ ಹುಡುಗನಿಗೆ ಕೊಟ್ಟ ದುಡ್ಡು ಖರ್ಚಾಗುತ್ತೆ. ಅಮ್ಮನ ಕೆಲಸ?

ಕಾಯ್ದೆ ಇದಕ್ಕೆ ಅಡ್ಡ ಇಲ್ಲ. ಪೂರ್ತಿ ಲೆಕ್ಕ ಬರೆಯುವವರು ಸಂಬಂಧಿಕರಿಗೂ ಸಂಬಳ ಕೊಟ್ಟು ಖರ್ಚು ಹಾಕಬಹುದು. ಮಾಡಿದ ಕೆಲಸಕ್ಕೆ ತಕ್ಕಷ್ಟೇ ಇರಬೇಕು, ನಿಜವಾಗಿ ಕೊಟ್ಟಿರಬೇಕು; ಬ್ಯಾಂಕ್ ಮೂಲಕ ಕೊಟ್ಟರೆ ಒಳ್ಳೇದು. ಹೆಂಡತಿಯ ವಿಷಯದಲ್ಲಿ ಮಾತ್ರ ಕೊಕ್ಕೆ ಇದೆ. 64ನೇ ಸೆಕ್ಷನ್ ಪ್ರಕಾರ, ಗಂಡನ ಉದ್ಯಮದಿಂದ ಹೆಂಡತಿಗೆ ಬಂದ ಸಂಬಳ ತಿರುಗಿ ಗಂಡನ ಆದಾಯಕ್ಕೇ ಸೇರುತ್ತೆ. ಆಕೆಗೆ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಇದ್ದು, ಆ ಜ್ಞಾನದಿಂದಲೇ ದುಡಿದಿದ್ದರೆ ಮಾತ್ರ ವಿನಾಯಿತಿ. ಆದಾಯ ಹಂಚಿ ತೆರಿಗೆ ತಪ್ಪಿಸೋರನ್ನ ತಡೆಯೋಕೆ ಮಾಡಿದ ನಿಯಮ, ಉದ್ದೇಶ ಅರ್ಥವಾಗುತ್ತೆ. ಆದರೆ ನಲವತ್ತು ಬಗೆ ತಂಬುಳಿ ಬಲ್ಲವಳು ‘ಅರ್ಹಳು’ ಅಂತ ವಾದಿಸಬೇಕಾದ ಸ್ಥಿತಿ ಬಂತಲ್ಲ, ಅದು ನನಗೆ ಸರಿ ಕಾಣೋದಿಲ್ಲ.

ನಿಮ್ಮಲ್ಲಿ ಲೆಕ್ಕ ಬಲ್ಲವರು ಹೇಳ್ತೀರಿ: ಅಂದಾಜು ಪದ್ಧತಿಯಲ್ಲಿ ಅಮ್ಮನಿಗೆ ಕೊಟ್ಟರೂ ಒಂದು ರೂಪಾಯಿ ಹೆಚ್ಚಿಗೆ ಕಳೆಯೋಕೆ ಬರೋದಿಲ್ಲ, ತೆರಿಗೆಯೇ ಇಲ್ಲದವನಿಗೆ ಉಳಿಸೋಕೆ ಏನೂ ಇಲ್ಲ, ಮತ್ತೆ ಯಾಕೆ ಕೊಡಬೇಕು? ಈ ಪ್ರಶ್ನೆಯೇ ಆ ಉಪದೇಶಗಳು ನಮಗೆ ಅಂಟಿಸಿದ ರೋಗ. ತೆರಿಗೆ ಉಳಿಸದ ಖರ್ಚು ಖರ್ಚೇ ಅಲ್ಲ ಅಂತ ನಾವು ನಂಬಿಬಿಟ್ಟಿದ್ದೇವೆ. ಕೂಲಿ ಕೊಡೋದು ತೆರಿಗೆ ಉಳೀಲಿ ಅಂತ ಅಲ್ಲ, ಕೆಲಸ ಮಾಡಿದ್ದಾರೆ ಅಂತ.

ಈ ತಿಂಗಳ ದುಡ್ಡು ಖಾತೆಗೆ ಬಂದಾಗ ಅಮ್ಮನ ಖಾತೆಗೂ ಒಂದು ಪಾಲು ಹಾಕಿ. ಖಾತೆ ಇಲ್ಲ ಅಂದರೆ ಮಾಡಿಸಿ. ಲೆಕ್ಕದ ಪುಸ್ತಕದಲ್ಲಿ ರಿಂಗ್ ಲೈಟಿನ ಮೇಲಿನ ಸಾಲಲ್ಲಿ ಅವರ ಹೆಸರು ಬರೀರಿ.