ಮೂರ್ಛೆರೋಗದ ಮಗು ಮತ್ತು ಅದು ಮಲಗುವ ಕೋಣೆ

ರಾತ್ರಿ ಉಂಡು ಮಲಗಿದ ಮಗು ಬೆಳಿಗ್ಗೆ ಏಳುವುದಿಲ್ಲ. ಶವಪರೀಕ್ಷೆಯಲ್ಲೂ ಸಾವಿಗೆ ಕಾರಣ ಸಿಗುವುದಿಲ್ಲ. ಮಗುವಿಗೆ ಮೂರ್ಛೆರೋಗವಿತ್ತು ಎಂಬುದೊಂದೇ ಗೊತ್ತಿರುವ ಸಂಗತಿ. ವೈದ್ಯರು ಇದನ್ನು ‘ಸುಡೆಪ್’ ಎನ್ನುತ್ತಾರೆ. ಅಮೆರಿಕದ ನರರೋಗ ತಜ್ಞರ ಸಂಘಟನೆಗಳು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಮೂರ್ಛೆರೋಗವಿರುವ 4,500 ಮಕ್ಕಳಲ್ಲಿ ವರ್ಷಕ್ಕೆ ಒಬ್ಬರು ಹೀಗೆ ಸಾಯುತ್ತಾರೆ. ಅದೇ ವರ್ಷ ಪ್ರಕಟವಾದ ಸ್ವೀಡನ್ನಿನ ಲೆಕ್ಕ ಬೇರೆಯೇ ಹೇಳಿತು. ಅಲ್ಲಿ ಮಕ್ಕಳಲ್ಲೂ ಈ ಸಾವು ದೊಡ್ಡವರಲ್ಲಿರುವಷ್ಟೇ, ಅಂದರೆ ಸಾವಿರಕ್ಕೆ ಒಬ್ಬರ ಆಸುಪಾಸು. ಅಪರೂಪವೆಂಬುದು ನಿಜ, ಆದರೆ ಕಡೆಗಣಿಸುವಷ್ಟಲ್ಲ.

ಇಂಥ ಸಾವಿಗೆ ಸುತ್ತಲಿನ ಪರಿಸರವೂ ಕಾರಣವಾಗಬಹುದೇ? ಬ್ರೆಜಿಲ್‌ನ ಫುಲ್ವಿಯೊ ಸ್ಕೋರ್ಜಾ ಮತ್ತು ಸಂಗಡಿಗರು ಚಳಿಯ ಕಡೆಗೆ, ಆಹಾರದಲ್ಲಿ ಒಮೆಗಾ-3 ಕೊಬ್ಬಿನ ಕೊರತೆಯ ಕಡೆಗೆ ಬೆರಳು ತೋರಿದ್ದಾರೆ. ಕೇಳಬೇಕಾದ ಪ್ರಶ್ನೆಗಳೇ ಇವು. ಆದರೆ ಇಂಥ ಪ್ರಯೋಗಗಳು ನಡೆದದ್ದು ಇಲಿಗಳ ಮೇಲೆ; ಇಲಿಗಳ ಹೃದಯಬಡಿತದಿಂದ ಮಗುವಿನ ಸಾವಿನವರೆಗೆ ನೇರ ದಾರಿಯಿಲ್ಲ. ಈ ಬಲದ ಮೇಲೆ ತಾಯಿಯೊಬ್ಬಳಿಗೆ ಮೀನೆಣ್ಣೆಯ ಗುಳಿಗೆ ಬರೆದುಕೊಡುವುದು ಸರಿಯಲ್ಲ. ಪುರಾವೆ ಗಟ್ಟಿಯಾಗಿರುವುದು ಮಗು ಮಲಗುವ ಕೋಣೆಯಲ್ಲಿ.

ಆಸ್ಪತ್ರೆಯಲ್ಲಿ ಮಿದುಳಿನ ತರಂಗಗಳನ್ನು ದಾಖಲಿಸುತ್ತಿದ್ದಾಗಲೇ ಸಂಭವಿಸಿದ ಸಾವುಗಳನ್ನು 2013ರಲ್ಲಿ ಫಿಲಿಪ್ ರಿವ್ಲಿನ್ ತಂಡ ಪರಿಶೀಲಿಸಿತು. ಪೂರ್ಣ ದಾಖಲೆ ಸಿಕ್ಕ ಪ್ರಕರಣಗಳಲ್ಲೆಲ್ಲ ಕ್ರಮ ಒಂದೇ: ಮೈಯೆಲ್ಲ ಸೆಟೆದು ಅದುರುವ ದೊಡ್ಡ ಫಿಟ್ಸ್, ಆಮೇಲೆ ಕೆಲವೇ ನಿಮಿಷಗಳಲ್ಲಿ ಮೊದಲು ಉಸಿರು, ಬಳಿಕ ಹೃದಯ ನಿಂತಿದೆ. ಹೆಚ್ಚಿನವು ರಾತ್ರಿಯ ಸಾವುಗಳು. ಯಾರಾದರೂ ಬೇಗ ಬಂದು ಮಗ್ಗುಲು ಹೊರಳಿಸಿ ಉಸಿರು ಹಿಂತಿರುಗಿಸಲು ಸಿಗುವ ಅವಕಾಶ ಆ ಕೆಲವು ನಿಮಿಷಗಳದ್ದು.

2020ರಲ್ಲಿ ಓಲಾಫುರ್ ಸ್ವೇನ್ಸನ್ ತಂಡ ಸ್ವೀಡನ್ನಿನಿಂದ ಪ್ರಕಟಿಸಿದ ಅಧ್ಯಯನ ಇದನ್ನೇ ಅಂಕಿಗಳಲ್ಲಿ ಹೇಳಿತು. ದೊಡ್ಡ ಫಿಟ್ಸ್ ಬರುವ, ಕೋಣೆಯಲ್ಲಿ ಒಬ್ಬರೇ ಮಲಗುವವರ ಅಪಾಯ, ಇವೆರಡೂ ಇಲ್ಲದವರಿಗಿಂತ 67 ಪಟ್ಟು. ಈ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಅದು ಎರಡು ಅಂಶಗಳು ಕೂಡಿದಾಗಿನ ಅಪಾಯವೇ ಹೊರತು ಒಂಟಿಯಾಗಿ ಮಲಗುವುದೊಂದರದೇ ಅಲ್ಲ. ಅಧ್ಯಯನ ಮಕ್ಕಳಿಗೆಂದೇ ಮಾಡಿದ್ದೂ ಅಲ್ಲ. ಮಕ್ಕಳ ಮಟ್ಟಿಗೆ ನನಗೆ ಹೆಚ್ಚು ಮುಖ್ಯವೆನಿಸುವುದು ಲೀನಾ ನಾಶೆಫ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ, ಇಂಗ್ಲೆಂಡಿನ ವಸತಿ ಶಾಲೆಯೊಂದರ ಅಧ್ಯಯನ. ಅಲ್ಲಿಯ ಮೂರ್ಛೆರೋಗವಿದ್ದ ವಿದ್ಯಾರ್ಥಿಗಳಲ್ಲಿ ಸಂಭವಿಸಿದ ಹಠಾತ್ ಸಾವುಗಳೆಲ್ಲ ರಜೆಯಲ್ಲೋ ಶಾಲೆ ಬಿಟ್ಟ ಮೇಲೋ ಆದವು. ಶಾಲೆಯ ನಿಗಾದಲ್ಲಿದ್ದಾಗ ಒಂದೂ ಆಗಲಿಲ್ಲ. ನಿಗಾ ಇದ್ದಲ್ಲಿ ಮಾತ್ರೆಯೂ ಹೊತ್ತಿಗೆ ಸರಿಯಾಗಿ ಸಿಗುತ್ತದೆ, ಹಾಗಾಗಿ ಪುಣ್ಯವೆಲ್ಲ ಕಾವಲಿನದೇ ಎನ್ನಲಾಗದು. ಎರಡನ್ನೂ ಬೇರ್ಪಡಿಸಿ ತೋರಿಸದಿರುವುದೇ ಈ ಬಗೆಯ ಅಧ್ಯಯನಗಳ ದೊಡ್ಡ ಕೊರತೆ. ಆದರೆ ಮನೆಯವರ ಪಾಲಿಗೆ ಎರಡೂ ಬೇಕಾದವೇ.

ಮಲಗುವ ಭಂಗಿಯ ವಿಷಯದಲ್ಲಿ ಅವಸರದ ಸಲಹೆ ಕೇಳಿಬರುತ್ತದೆ. 2015ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಭಂಗಿ ದಾಖಲಾಗಿದ್ದ ಸಾವುಗಳಲ್ಲಿ ಶೇ. 73ರಷ್ಟು ಜನ ಬೋರಲಾಗಿ ಬಿದ್ದಿದ್ದರು. ಹಾಗಾದರೆ ಹಸುಗೂಸುಗಳಂತೆ ಇವರನ್ನೂ ಅಂಗಾತ ಮಲಗಿಸಿದರೆ ಸಾಕೇ? ಸಾಲದು. ಅಂಗಾತ ಮಲಗಿದ್ದ ಮಗುವನ್ನೂ ಫಿಟ್ಸೇ ಬೋರಲು ಹೊರಳಿಸಬಹುದು. ಉಸಿರಾಡುವ ದಿಂಬು ಎಂದು ಮಾರುವ ವಸ್ತು ಜೀವ ಉಳಿಸುತ್ತದೆ ಎಂಬುದಕ್ಕೂ ಪುರಾವೆಯಿಲ್ಲ. ಬೋರಲಾದ ಮಗುವನ್ನು ಹೊರಳಿಸಲು ಬೇಕಾದದ್ದು ಹತ್ತಿರದಲ್ಲಿರುವ ಎರಡು ಕೈ.

ಪರಿಸರ ಫಿಟ್ಸ್ ತರಿಸಬಲ್ಲದು ಎಂಬುದು ಕರ್ನಾಟಕದವರಿಗೆ ಹೊಸ ಮಾತಲ್ಲ. ತಲೆಗೆ ಸುಡುಸುಡು ನೀರು ಹೊಯ್ದುಕೊಳ್ಳುವಾಗ ಬರುವ ಬಿಸಿನೀರಿನ ಮೂರ್ಛೆ ಹೆಚ್ಚಾಗಿ ಕಂಡುಬಂದಿರುವುದು ನಮ್ಮ ಹಳೇ ಮೈಸೂರು ಭಾಗದಲ್ಲಿ, ಅದರಲ್ಲೂ ಮಕ್ಕಳಲ್ಲಿ. ಹಂಡೆಯ ನೀರಿಗೆ ತಣ್ಣೀರು ಬೆರೆಸಿದರೆ ಎಷ್ಟೋ ಮಕ್ಕಳಲ್ಲಿ ಅದು ತಗ್ಗುತ್ತದೆ. ಡಾ. ಕೆ. ಎಸ್. ಮಣಿ ತಂಡ ಯಳಂದೂರಿನಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಕೆಲಸ, ಫೀನೋಬಾರ್ಬಿಟೋನ್‌ನಂಥ ಅಗ್ಗದ ಮಾತ್ರೆಯನ್ನು ತಪ್ಪದೆ ಕೊಟ್ಟರೆ ಹಳ್ಳಿಯಲ್ಲೂ ಫಿಟ್ಸ್ ಹತೋಟಿಗೆ ಬರುತ್ತದೆಂದು ತೋರಿಸಿತು. ಸುಡೆಪ್ ಅಪಾಯ ತಗ್ಗಿಸುವ ಮೊದಲ ದಾರಿಯೂ ಅದೇ. ದೊಡ್ಡ ಫಿಟ್ಸ್ ಕಡಿಮೆಯಾದಷ್ಟೂ ಅಪಾಯ ಕಡಿಮೆ.

ನಮ್ಮಲ್ಲಿ ಮಕ್ಕಳು ಅಪ್ಪ ಅಮ್ಮನ ಪಕ್ಕದಲ್ಲೋ ಅಜ್ಜಿಯ ಮಗ್ಗುಲಲ್ಲೋ ಮಲಗುವ ರೂಢಿ ಇನ್ನೂ ಉಳಿದಿದೆ. ಈ ಸಾಕ್ಷ್ಯಗಳ ಮುಂದೆ ಅದಕ್ಕೆ ಹೊಸ ಬೆಲೆ ಬರುತ್ತದೆ. ಆದರೆ ಹತ್ತಿರ ಮಲಗಿದವರಿಗೆ ಏನು ಮಾಡಬೇಕೆಂದು ಗೊತ್ತಿರಬೇಕು. ಕೈಗೆ ಬೀಗದ ಕೈ ಗೊಂಚಲು ತುರುಕುವುದರಿಂದ, ಬಾಯಿಗೆ ನೀರು ಹಾಕುವುದರಿಂದ ಪ್ರಯೋಜನವಿಲ್ಲ, ನೀರಿನಿಂದ ಕೇಡೂ ಇದೆ. ಮಗ್ಗುಲಿಗೆ ಹೊರಳಿಸಿ, ಉಸಿರಾಟ ನೋಡುತ್ತ, ಪೂರ್ತಿ ಎಚ್ಚರವಾಗುವವರೆಗೆ ಜೊತೆಗಿರಬೇಕು. ಉಸಿರು ನಿಂತರೆ ಕೂಡಲೇ ಎದೆ ಒತ್ತಿ ಕೃತಕ ಉಸಿರು ಕೊಡುತ್ತ 108ಕ್ಕೆ ಕರೆ ಮಾಡಿಸಬೇಕು. ಹಾಸ್ಟೆಲಿಗೆ ಸೇರುವ ಮಗುವಿನ ವಿಷಯದಲ್ಲಿ ವಾರ್ಡನ್ನಿಗೂ ಪಕ್ಕದ ಹಾಸಿಗೆಯವರಿಗೂ ಇದನ್ನು ಹೇಳಿಕೊಡಬೇಕು.

ಹೆದರಿಯಾರು ಎಂದು ವೈದ್ಯರು ಈ ಸಾವಿನ ಮಾತೆತ್ತದೆ ಉಳಿಯುವುದುಂಟು. ನನ್ನ ದೃಷ್ಟಿಯಲ್ಲಿ ಸುಡೆಪ್ ಕುರಿತ ವೈದ್ಯಕೀಯ ರೂಢಿಯಲ್ಲಿರುವ ಎಲ್ಲಕ್ಕಿಂತ ದೊಡ್ಡ ದೋಷ ಈ ಮೌನ. 2017ರ ಮಾರ್ಗಸೂಚಿಯೂ ತಿಳಿಸಿ ಎಂದೇ ಹೇಳುತ್ತದೆ. ಚಳಿ, ಆಹಾರಗಳ ಪಾತ್ರವನ್ನು ವಿಜ್ಞಾನ ಶೋಧಿಸುತ್ತಿರಲಿ. ಮಾತ್ರೆ ತಪ್ಪಿಸಬೇಡಿ, ರಾತ್ರಿ ಒಂಟಿಯಾಗಿ ಬಿಡಬೇಡಿ ಎಂಬ ಎರಡು ಮಾತು ಹೇಳಲು ಅದಕ್ಕಾಗಿ ಕಾಯಬೇಕಿಲ್ಲ.