ಬಾಣ ಬರೆದರು, ಕಾರಣ ಬಿಟ್ಟರು

‘ಸ್ಟೇಷನ್ನಿಗೆ ಹೋಗಿ ನೋಡಿ. ಒಂದು ಹಳಿ ಚರ್ಚ್‌ಗೇಟಿಗೆ, ಪಕ್ಕದ್ದು ಬೊರಿವಲಿಗೆ. ಡಿಎನ್‌ಎಯ ಎರಡು ಎಳೆಗಳೂ ಹಾಗೇ.’ ಸಾಂತಾಕ್ರೂಜಿನ ಕೋಚಿಂಗ್ ಕ್ಲಾಸಿನಿಂದ ತಂಗಿಯ ಮಗಳು ಹೊತ್ತು ತಂದ ಪಾಠವಿದು. ಪರೀಕ್ಷೆಗೆ ಸಾಕು. ಆದರೆ ಹಳಿಗೆಲ್ಲಿಯ ದಿಕ್ಕು? ದಿಕ್ಕು ಗಾಡಿಯದು, ಗೊತ್ತು ಮಾಡಿದ್ದು ರೈಲ್ವೆಯವರು. ಡಿಎನ್‌ಎಯಲ್ಲಿ ದಿಕ್ಕು ಎಳೆಯ ಮೈಯಲ್ಲೇ ಇದೆ: ಒಂದು ಸಕ್ಕರೆಯ ಮೂರನೇ ಇಂಗಾಲವನ್ನು ಮುಂದಿನದರ ಐದನೇ ಇಂಗಾಲಕ್ಕೆ ಫಾಸ್ಫೇಟ್ ಕಟ್ಟಿರುತ್ತದೆ. ಎಳೆಗಳು ಎದುರುಬದುರು ಸಾಗುತ್ತವೆ ಎಂಬುದನ್ನು ಈ ಹೋಲಿಕೆ ಹೇಳುತ್ತದೆ. ಯಾಕೆ ಎಂಬಲ್ಲಿ ಕೈಬಿಡುತ್ತದೆ.

ಮೇಷ್ಟ್ರೊಬ್ಬರನ್ನೇ ದೂರುವುದು ಅನ್ಯಾಯ. ಮೂಲ ಲೇಖನವೇ ಜಿಪುಣ. 1953ರ ಏಪ್ರಿಲ್ 25ರ ‘ನೇಚರ್’ ಪತ್ರಿಕೆಯಲ್ಲಿ ವ್ಯಾಟ್ಸನ್ ಮತ್ತು ಕ್ರಿಕ್ ಬರೆದದ್ದು ಪುಟವೊಂದಕ್ಕೆ ತುಸು ಹೆಚ್ಚು. ಓಡಿಲ್ ಕ್ರಿಕ್ ಬಿಡಿಸಿದ ಚಿತ್ರದಲ್ಲಿ ಎರಡು ಪಟ್ಟಿಗಳು, ಎದುರುಬದುರು ಬಾಣಗಳು. ಕಾರಣವೆಲ್ಲ ಒಂದೇ ಮಾತಿನಲ್ಲಿ ಮುಗಿದಿದೆ: ಅರ್ಧ ಸುತ್ತು ತಿರುಗಿಸಿದರೂ ಅದೇ ರೂಪ ಕಾಣುವ ಸಮಮಿತಿ. ಅದರ ಸುಳಿವು ಕ್ರಿಕ್‌ಗೆ ಸಿಕ್ಕಿದ್ದು ರೊಸಾಲಿಂಡ್ ಫ್ರಾಂಕ್ಲಿನ್ ಅಳೆದ ಹರಳಿನ ವಿವರದಿಂದ. ಆಕೆಯ ಹೆಸರು ಬರುವುದು ಕೊನೆಯ ಕೃತಜ್ಞತೆಯಲ್ಲಿ, ಅದೂ ಮಸುಕಾಗಿ. ಬರಹದ ಬಿಗಿ ಮೆಚ್ಚುವಂಥದ್ದೇ. ಈ ಮಸುಕು ಅಲ್ಲ.

ಹಳಿಯ ಬದಲು ಕೈಕುಲುಕುವುದನ್ನು ಹೇಳಿಕೊಟ್ಟಿದ್ದರೆ? ಎದುರೆದುರು ನಿಂತ ಇಬ್ಬರ ಬಲಗೈಗಳು ಸಲೀಸಾಗಿ ಕೂಡುತ್ತವೆ. ಒಂದೇ ಕಡೆ ಮುಖಮಾಡಿ ಪಕ್ಕಪಕ್ಕ ನಿಂತು ಬಲಗೈಗೆ ಬಲಗೈ ಕೊಡಿ, ಮಣಿಕಟ್ಟು ತಿರುಚುತ್ತದೆ. ಡಿಎನ್‌ಎಯ ಸಕ್ಕರೆಗಳೆಲ್ಲ ಒಂದೇ ಕೈಯವು. ಎಳೆಗಳ ನಡುವೆ ಅಕ್ಷರಗಳಂತೆ ಕೂತ ಬೇಸ್‌ಗಳ ಜೋಡಿಯನ್ನು ಅರ್ಧ ಸುತ್ತು ತಿರುಗಿಸಿದರೆ ಸಕ್ಕರೆಗೆ ಅಂಟುವ ಎರಡು ಕೊಂಡಿಗಳು ಜಾಗ ಅದಲುಬದಲಾಗಿ ಅದೇ ಚೌಕಟ್ಟಿನಲ್ಲಿ ಕೂರುತ್ತವೆ. ಒಂದು ಕಡೆಯ ಸಕ್ಕರೆ ಮೇಲ್ಮುಖವಾದರೆ ಇನ್ನೊಂದು ಕಡೆಯದು ಕೆಳಮುಖ. ಎ-ಟಿ, ಟಿ-ಎ, ಜಿ-ಸಿ, ಸಿ-ಜಿ ಯಾವ ಸರದಿಯಲ್ಲಿ ಬಂದರೂ ಬೆನ್ನೆಲುಬು ಕೊಂಕದಿರುವುದು ಇದರಿಂದಲೇ. ಒಂದೇ ದಿಕ್ಕಿನ ಎಳೆಗಳ ತುಣುಕುಗಳನ್ನು 1988ರಲ್ಲಿ ಪ್ರಯೋಗಾಲಯದಲ್ಲಿ ಕಟ್ಟಿದ್ದಾರೆ, ನಿಜ. ಆದರೆ ಬೇಸ್‌ಗಳು ಬೇರೆ ರೀತಿ ಜೋಡಿಯಾಗಬೇಕು, ಎಲ್ಲ ಅಕ್ಷರಗಳಿಗೂ ಅದು ಒಗ್ಗದು.

ನಕಲು ಮಾಡುವ ಕಿಣ್ವ ಒಂದೇ ದಿಕ್ಕಿಗೆ ಹೆಣೆಯುತ್ತದೆ, ಅದಕ್ಕೇ ಹೀಗೆ ಎನ್ನುವ ಉತ್ತರವೂ ಚಾಲ್ತಿಯಲ್ಲಿದೆ. ಇದು ಬಂಡಿಯ ಹಿಂದೆ ಎತ್ತು ಕಟ್ಟಿದಂತೆ. ಎದುರು ದಿಕ್ಕಿನ ದಂಡವನ್ನು ಕಿಣ್ವ ತೆರುತ್ತಿದೆ: ಒಂದು ಎಳೆಯನ್ನು ಒಕಾಜಾಕಿ ದಂಪತಿ ಕಂಡ ತುಂಡುತುಂಡುಗಳಾಗಿಯೇ ಹೆಣೆಯಬೇಕು.

ಬಾಣಗಳಿಗೆ ಪುರಾವೆ ಸಿಕ್ಕಿದ್ದು 1961ರಲ್ಲಿ. ಆರ್ಥರ್ ಕೋರ್ನ್‌ಬರ್ಗ್ ತಂಡ ನೆರೆಯ ಅಕ್ಷರಗಳನ್ನು ಎಣಿಸಿತು. ಎಳೆಗಳು ಎದುರುಬದುರಾದರೆ ‘ಎಜಿ’ ಎಷ್ಟೋ ‘ಸಿಟಿ’ ಅಷ್ಟೇ ಇರಬೇಕು. ಒಂದೇ ದಿಕ್ಕಾದರೆ ‘ಎಜಿ’ಗೆ ‘ಟಿಸಿ’ ಸಮ. ಗೆದ್ದದ್ದು ‘ಸಿಟಿ’. ಪಾಠಕ್ಕೆ ಇಷ್ಟು ರುಚಿಯಾದ ಲೆಕ್ಕವನ್ನು ಯಾಕೆ ಬಿಡುತ್ತಾರೋ! 1976ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ಶಶಿಶೇಖರನ್ ಸುರುಳಿಯನ್ನೇ ಪ್ರಶ್ನಿಸಿ, ಬಲಸುತ್ತು ಎಡಸುತ್ತು ಬೆರೆತ ಮಾದರಿ ಮುಂದಿಟ್ಟರು. ಅದು ನಿಲ್ಲಲಿಲ್ಲ. ಸುತ್ತನ್ನು ಅಲುಗಾಡಿಸಿದ ಆ ಮಾದರಿಯೂ ಎಳೆಗಳ ಎದುರು ದಿಕ್ಕನ್ನು ಮಾತ್ರ ಮುಟ್ಟಿರಲಿಲ್ಲ.

ಸಾಂತಾಕ್ರೂಜ್ ಸ್ಟೇಷನ್ನಿನ ಪೂರ್ವಕ್ಕೆ ಕಲಿನಾದಲ್ಲಿ ವಿಧಿವಿಜ್ಞಾನ ಪ್ರಯೋಗಾಲಯವಿದೆ. ರಕ್ತದ ಕಲೆಯ ಡಿಎನ್‌ಎ ಹೆಚ್ಚಿಸಲು ಎರಡು ಪ್ರೈಮರ್, ಅಂದರೆ ನಕಲು ಶುರುಮಾಡುವ ಪುಟ್ಟ ತುಣುಕುಗಳು ಬೇಕು, ಎಳೆಗೊಂದು, ಮುಖ ಪರಸ್ಪರ ಎದುರಿಗೆ. ತಂಗಿಯ ಮಗಳಿಗೆ ಇದನ್ನು ಹೇಳಿದೆ. ಬಲಗೈ ಚಾಚಿದಳು.